ಏಳು ಮಕ್ಕಳು, ಒಂದು ಬೇಸಿಗೆ ರಜೆ: ಯೂಟಾದಲ್ಲಿ ನಮ್ಮ ಮನೆ ನಡೆಯುವ ರೀತಿ

ಹುಬ್ಬಳ್ಳಿಯಿಂದ ಫೋನ್ ಬಂದಾಗೆಲ್ಲ ಮೊದಲ ಪ್ರಶ್ನೆ ಒಂದೇ. "ಯವ್ವಾ, ಏಳು ಮಕ್ಕಳನ್ನ ಹೆಂಗ ಸಂಭಾಳಸ್ತಿ?" ಕೇಳುವವರು ಯಾರು ಗೊತ್ತಾ? ತಾವೇ ಎಂಟು ಜನ ಒಡಹುಟ್ಟಿದವರ ಜೊತೆ ಬೆಳೆದ ನಮ್ಮ ಸೋದರತ್ತೆ. ಆಕೆಗೆ ಎಂಟು ಸಹಜ, ನನಗೆ ಏಳು ವಿಚಿತ್ರ! ಎರಡನೇ ಪ್ರಶ್ನೆ ಸ್ವಲ್ಪ ದನಿ ತಗ್ಗಿಸಿ ಬರುತ್ತದೆ. ನನ್ನ ಗಂಡನಿಗೆ ಎಷ್ಟು ಜನ ಹೆಂಡತಿಯರು ಅಂತ. ಒಬ್ಬಳೇ, ನಾನೇ. ಬಹುಪತ್ನಿತ್ವ ಬಿಡುತ್ತೇವೆ ಅಂತ ನಮ್ಮ ಮಾರ್ಮನ್ ಚರ್ಚು (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) 1890ರಲ್ಲೇ ಘೋಷಣೆ ಹೊರಡಿಸಿತು. ಈಗ ಚರ್ಚಿನಲ್ಲಿದ್ದುಕೊಂಡು ಯಾರಾದರೂ ಹಾಗೆ ಮಾಡಿದರೆ ಹೊರಗೆ ಹಾಕುತ್ತಾರೆ. ಆ ವಿಷಯ ಅಲ್ಲಿಗೆ ಮುಗೀತು.

ಮೊದಲನೇ ಪ್ರಶ್ನೆಗೆ ಮಾತ್ರ ಫೋನಿನಲ್ಲಿ ಉತ್ತರ ಹೇಳಿ ಮುಗಿಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವಿರೋದು ಅಮೆರಿಕದ ಯೂಟಾ ರಾಜ್ಯದ ಓರೆಮ್‌ನಲ್ಲಿ. ಒಂದು ಕಡೆ ಯೂಟಾ ಲೇಕ್, ಇನ್ನೊಂದು ಕಡೆ ಟಿಂಪನೋಗಸ್ ಬೆಟ್ಟ. ನನ್ನ ಗಂಡ ಇಲ್ಲಿಯೇ ಹುಟ್ಟಿ ಬೆಳೆದವರು, ಅವರ ಪೂರ್ವಜರು ಗಾಡಿ ಕಟ್ಟಿಕೊಂಡು ಬಂದ ಮಾರ್ಮನ್ ವಲಸಿಗರು. ನಾನು ಓದೋಕೆ ಅಂತ ಬಂದವಳು. ಚರ್ಚಿಗೆ ಹೇಗೆ ಸೇರಿದೆ ಅನ್ನೋದು ಬೇರೆ ಕಥೆ, ಇನ್ಯಾವತ್ತಾದರೂ ಬರೆಯುತ್ತೇನೆ. ಇಲ್ಲಿ ಮೇ ಕೊನೆಗೆ ಶಾಲೆ ಮುಗಿದರೆ ಮತ್ತೆ ಶುರುವಾಗೋದು ಆಗಸ್ಟ್ ಮಧ್ಯಕ್ಕೆ. ಅಲ್ಲಿಯವರೆಗೆ ಎಲ್ಲರೂ ಮನೆಯಲ್ಲೇ. ಹಿರಿಮಗ ಈಗ ಬ್ರೆಜಿಲ್‌ನಲ್ಲಿ ಮಿಷನ್ ಮೇಲಿದ್ದಾನೆ, ಅಂದರೆ ಚರ್ಚಿನ ಪರವಾಗಿ ಧರ್ಮಪ್ರಚಾರದ ಸೇವೆ, ಎರಡು ವರ್ಷ ಬರಲ್ಲ. ಉಳಿದ ಆರು ಜನಕ್ಕೆ ಹದಿನೇಳು, ಹದಿನೈದು, ಹನ್ನೆರಡು, ಹತ್ತು, ಏಳು, ನಾಲ್ಕು ವಯಸ್ಸು.

ನಾನು ಆರು ಮಕ್ಕಳನ್ನ ನೋಡಿಕೊಳ್ಳಲ್ಲ. ನೋಡಿಕೊಳ್ಳೋದು ಮೂರು ಜೋಡಿಗಳನ್ನ. ಹದಿನೇಳರ ಹುಡುಗಿಗೆ ನಾಲ್ಕರ ಪುಟ್ಟ. ಹದಿನೈದರ ಹುಡುಗನಿಗೆ ಏಳರ ತಂಗಿ. ಹನ್ನೆರಡು ಮತ್ತು ಹತ್ತು ಒಂದು ಜೋಡಿ, ಇವರದು ಜಗಳದ ಜೋಡಿ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲ್ಲ, ಹಾಗಾಗಿ ಬದಲಾಯಿಸಿಲ್ಲ. ಹೊರಗೆ ಹೊರಟಾಗ ಜೋಡಿಯಲ್ಲಿ ದೊಡ್ಡವರ ಕೆಲಸ ಇಷ್ಟೇ: ಚಿಕ್ಕವರ ಕಾಲಲ್ಲಿ ಶೂ ಇದೆಯಾ, ಸನ್‌ಸ್ಕ್ರೀನ್ ಹಚ್ಚಿದೆಯಾ, ನೀರಿನ ಬಾಟಲಿ ತುಂಬಿದೆಯಾ, ಸೀಟ್‌ಬೆಲ್ಟ್ ಬಿತ್ತಾ. ಬೈಯೋದು, ಸ್ನಾನ ಮಾಡಿಸೋದು, ರಾತ್ರಿ ಎದ್ದು ನೋಡೋದು ಯಾವತ್ತೂ ಅವರ ತಲೆಗೆ ಬರಲ್ಲ, ಅದು ನಮ್ಮಿಬ್ಬರದು.

ಈ ಗೆರೆ ಎಳೆಯೋದು ಬಹಳ ಮುಖ್ಯ ಅಂತ ನನ್ನ ಅನಿಸಿಕೆ. ದೊಡ್ಡ ಕುಟುಂಬಗಳಲ್ಲಿ ಹಿರಿಮಗಳು ಯಾರಿಗೂ ಗೊತ್ತಾಗದ ಹಾಗೆ ಅರ್ಧ ತಾಯಿ ಆಗಿಬಿಡುತ್ತಾಳೆ. ಯೂಟಾದಲ್ಲೂ ಹಾಗೇ, ಹುಬ್ಬಳ್ಳಿಯಲ್ಲೂ ಹಾಗೇ. ಅದಕ್ಕೇ ನಮ್ಮಲ್ಲಿ ಜೋಡಿಯ ಡ್ಯೂಟಿ ವ್ಯಾನ್ ಸ್ಟಾರ್ಟ್ ಆದಾಗ ಶುರು, ಮನೆಗೆ ಬಂದು ವ್ಯಾನ್ ಆಫ್ ಆದಾಗ ಬಂದ್. ಹುಡುಗನಿಗೂ ಅದೇ ಲೆಕ್ಕ. ತಂಗಿಯ ಜಡೆ ಬಿಚ್ಚಿದರೆ ಅವನೇ ಹಾಕಬೇಕು, ಮತ್ತೆ ಸುಳ್ಳು ಯಾಕೆ, ನನಗಿಂತ ಚೆನ್ನಾಗಿ ಹಾಕುತ್ತಾನೆ.

ವ್ಯಾನ್ ಅಂದರೆ ಹನ್ನೆರಡು ಸೀಟಿನ ಫೋರ್ಡ್ ಟ್ರಾನ್ಸಿಟ್. ಊರಲ್ಲಿ ನೋಡಿದರೆ ಟ್ರಾವೆಲ್ಸ್‌ನವರದು ಅಂದುಕೊಳ್ಳುತ್ತಾರೆ. ಇಲ್ಲಿಯ ಕಾನೂನಿನ ಪ್ರಕಾರ ಎಂಟು ವರ್ಷದ ಒಳಗಿನ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಬೇಕು, 57 ಇಂಚು ಎತ್ತರ ಇದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಅಕ್ಕಪಕ್ಕ ಒತ್ತಿ ಕೂರಿಸೋ ಮಾತೇ ಇಲ್ಲ. ಮಗ ಮಿಷನ್‌ಗೆ ಹೋದ ಮೇಲೆ ಎಂಟು ಸೀಟಿನ ಗಾಡಿ ಸಾಕು ಅಂತ ನನ್ನ ಗಂಡ ಅಂದರು. ಟೆಂಟ್, ಐಸ್ ಪೆಟ್ಟಿಗೆ, ಬೇಸಿಗೆಗೆ ಬಂದ ನಮ್ಮ ಅವ್ವ, ಇವರನ್ನೆಲ್ಲ ಎಲ್ಲಿ ಕೂರಿಸೋದು ಅಂತ ಕೇಳಿದೆ. ಮಾತು ಅಲ್ಲಿಗೇ ನಿಂತಿತು.

ಇನ್ನು ದಿನಚರಿ. ಬೆಳಿಗ್ಗೆ ಎಲ್ಲರೂ ಕೂತು ಹತ್ತು ನಿಮಿಷ ಧರ್ಮಗ್ರಂಥ ಓದುತ್ತೇವೆ, ಪ್ರಾರ್ಥನೆ ಮಾಡುತ್ತೇವೆ. ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಪುಟ್ಟನನ್ನ ಮೇಜಿನ ಕೆಳಗಿಂದ ಎಳೆಯೋದೇ ಆಗುತ್ತದೆ. ಆಮೇಲೆ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟೋ ಓಟ್ಸೋ. ನಂತರ ಮನೆಕೆಲಸ. ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸ ಮುಗಿಯದಿದ್ದರೆ ಮೊಬೈಲೂ ಇಲ್ಲ, ಈಜೂ ಇಲ್ಲ. ಬಟ್ಟೆ ಒಗೆಯೋದು ಎಂಟು ತುಂಬಿದವರೆಲ್ಲ ಸ್ವಂತಕ್ಕೆ, ಒಬ್ಬೊಬ್ಬರಿಗೆ ವಾರದಲ್ಲಿ ಒಂದು ದಿನ, ಅಂದರೆ ಸೋಮವಾರ ಒಬ್ಬರದು, ಮಂಗಳವಾರ ಇನ್ನೊಬ್ಬರದು ಹೀಗೆ. ನಮ್ಮ ಚರ್ಚಿನಲ್ಲಿ ಎಂಟನೇ ವಯಸ್ಸಿಗೆ ದೀಕ್ಷಾಸ್ನಾನ. ನಮ್ಮ ಮನೆಯಲ್ಲಿ ಅದರ ಜೊತೆಗೇ ವಾಷಿಂಗ್ ಮೆಷಿನ್ ಕೂಡ ಕೈಗೆ ಬರುತ್ತದೆ. ಏಳರ ಹುಡುಗಿ ಈಗಲೇ ಬಟನ್‌ಗಳನ್ನ ಒತ್ತಿ ನೋಡುತ್ತಿದ್ದಾಳೆ, ಆಸೆ ಎಷ್ಟು ದಿನ ಇರುತ್ತದೋ ನೋಡಬೇಕು.

ವಾರಕ್ಕೆ ಒಂದು ಲಯ ಕೊಡೋದು ಚರ್ಚು, ಅದನ್ನ ಒಪ್ಪಲೇಬೇಕು. ಸೋಮವಾರ ಸಂಜೆ ಕುಟುಂಬದ್ದು. ಕುಟುಂಬಕ್ಕೆ ಅಂತ ಒಂದು ಸಂಜೆ ಇಡೋ ಪದ್ಧತಿ 1915ರಿಂದ ಇದೆ, ಈಗ ಸೋಮವಾರ ಸಂಜೆ ಚರ್ಚಿನಲ್ಲಿ ಬೇರೆ ಕಾರ್ಯಕ್ರಮ ಇಡಲ್ಲ. ಚಳಿಗಾಲದಲ್ಲಿ ಅದು ಒಂದು ಹಾಡು, ಒಂದು ಪಾಠ, ಒಂದು ಕೇಕ್. ಬೇಸಿಗೆಯಲ್ಲಿ ನಾವು ಅದನ್ನ ಪ್ರೋವೋ ಕಣಿವೆಗೆ ಒಯ್ಯುತ್ತೇವೆ. ಆಲೂಗಡ್ಡೆ, ಗಜ್ಜರಿ, ಖೀಮಾ, ಈರುಳ್ಳಿ ಎಲ್ಲ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಪ್ರತಿಯೊಬ್ಬರ ಹೆಸರು ಬರೆದು ಕೆಂಡದ ಮೇಲೆ ಇಡೋದು. ನನ್ನದರಲ್ಲಿ ಶೇಂಗಾ ಚಟ್ನಿಪುಡಿ ಇರುತ್ತದೆ. ಸೋಮವಾರವೇ ಬ್ರೆಜಿಲ್‌ನ ಮಗನಿಗೂ ರಜೆ. 2019ರಿಂದ ಮಿಷನರಿಗಳು ವಾರಕ್ಕೊಮ್ಮೆ ಮನೆಗೆ ವಿಡಿಯೋ ಕಾಲ್ ಮಾಡಬಹುದು, ಅದಕ್ಕೆ ಮುಂಚೆ ವರ್ಷಕ್ಕೆ ಎರಡೇ ಸಲ. ನನ್ನ ಅತ್ತೆ ತಮ್ಮ ಮಕ್ಕಳನ್ನ ಹಾಗೆ ಕಳಿಸಿದವರು. ನಾನು ಒಂದು ವಾರ ಕಾಲ್ ತಪ್ಪಿದರೆ ಗೊಣಗುತ್ತೇನೆ, ಅವರು ಸುಮ್ನೆ ನಗುತ್ತಾರೆ.

ಭಾನುವಾರ ಎರಡು ಗಂಟೆ ಚರ್ಚು, ಉಳಿದದ್ದು ವಿಶ್ರಾಂತಿ. ಈಜು, ಶಾಪಿಂಗ್, ಬೋಟು ಯಾವುದೂ ಇಲ್ಲ. ತಿಂಗಳ ಮೊದಲ ಭಾನುವಾರ ಉಪವಾಸ, ಆ ಊಟದ ಹಣ ಬಡವರಿಗೆ. ಇದರಿಂದ ಪ್ರವಾಸದ ಲೆಕ್ಕವೂ ಬದಲಾಗುತ್ತದೆ. ವೀಕೆಂಡ್ ಅಂತ ಹೋಗೋಕೆ ಆಗಲ್ಲ, ಗುರುವಾರ ಹೊರಟು ಶನಿವಾರ ರಾತ್ರಿ ವಾಪಸ್. ಒಂದು ಲಾಭ ಇದೆ, ಗುರುವಾರ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜಾಗ ಸುಲಭವಾಗಿ ಸಿಗುತ್ತದೆ.

ಜೂನ್ ಮಾತ್ರ ಸ್ವಲ್ಪ ಗೊಂದಲ. ಹುಡುಗಿಯರಿಗೆ ಒಂದು ವಾರ ಚರ್ಚಿನ ಗರ್ಲ್ಸ್ ಕ್ಯಾಂಪ್, ದೊಡ್ಡವರಿಬ್ಬರಿಗೆ ಕಾಲೇಜ್ ಕ್ಯಾಂಪಸ್‌ನಲ್ಲಿ ಐದು ದಿನದ ಯುವಜನ ಶಿಬಿರ. ಕೆಲವು ವರ್ಷ ಟ್ರೆಕ್ ಅಂತ ಬೇರೆ ಇರುತ್ತದೆ. ಹಳೇ ಕಾಲದ ಉದ್ದ ಲಂಗ, ಹ್ಯಾಟು ಹಾಕಿಕೊಂಡು ಮರದ ಕೈಗಾಡಿ ಎಳೆಯುತ್ತಾ ಬಿಸಿಲಲ್ಲಿ ನಡೆಯೋದು. 1856ರಲ್ಲಿ ಕೈಗಾಡಿ ಎಳೆದುಕೊಂಡು ಬಂದ ಎರಡು ತಂಡ ವ್ಯೋಮಿಂಗ್‌ನಲ್ಲಿ ಹಿಮಕ್ಕೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಅದರ ನೆನಪಿಗೆ. ಮಗಳು ಹೋಗಿ ಬಂದು ಅಡಿಗೆಮನೆಯಲ್ಲಿ ಕಾಲು ಚಾಚಿ ಕೂತು, "ಅಮ್ಮಾ, ನಮ್ಮ ಗಾಡಿಯಲ್ಲಿ ಹಿಟ್ಟು ಇರಲಿಲ್ಲ, ಸ್ಲೀಪಿಂಗ್ ಬ್ಯಾಗ್ ಇತ್ತು, ಆದರೂ ಸಾಕಾಯಿತು" ಅಂದಳು. ಇವರೆಲ್ಲ ಬೇರೆ ಬೇರೆ ವಾರ ಹೋಗೋದರಿಂದ ಜೋಡಿಗಳು ಒಡೆಯುತ್ತವೆ, ಆಗ ಪುಟ್ಟ ನನ್ನ ಸೊಂಟಕ್ಕೆ. ಇದರ ಮೇಲೆ ಒಂದು ಮಾತು ಹೇಳಬೇಕು. ಇಲ್ಲಿ ಕೆಲವು ತಾಯಂದಿರು ಪ್ರತಿ ದಿನಕ್ಕೂ ಒಂದು ಥೀಮ್ ಇಟ್ಟು, ಬಣ್ಣದ ಚಾರ್ಟ್ ಮಾಡಿ, ಫೋಟೋ ಹಾಕುತ್ತಾರೆ. ಮಾಡಲಿ. ನನ್ನ ಮಕ್ಕಳಿಗೆ ಹಿತ್ತಲಲ್ಲಿ ನೀರಿನ ಪೈಪು ಮತ್ತು ಒಂದಿಷ್ಟು ಮಣ್ಣು ಸಾಕು, ನನಗೂ ಸಾಕು.

ಪ್ರವಾಸಗಳಲ್ಲಿ ನನಗೆ ಬಲು ಇಷ್ಟವಾದದ್ದು ಟಿಂಪನೋಗಸ್ ಗುಹೆ. ಅಮೆರಿಕನ್ ಫೋರ್ಕ್ ಕಣಿವೆಯಲ್ಲಿದೆ, ಮನೆಗೆ ಹತ್ತಿರ. ಡಾಂಬರು ದಾರಿ, ಒಂದೂವರೆ ಮೈಲಿ ಅಷ್ಟೇ, ಆದರೆ ಅಷ್ಟರಲ್ಲೇ ಸಾವಿರ ಅಡಿಗಿಂತ ಜಾಸ್ತಿ ಏರಬೇಕು. ಚಕ್ರ ಇರೋದು ಏನನ್ನೂ ಬಿಡಲ್ಲ, ಹಾಗಾಗಿ ಮಗುವಿನ ಗಾಡಿ ಮನೆಯಲ್ಲೇ ಬಿಟ್ಟು ಬೆನ್ನಿಗೆ ಕಟ್ಟಿಕೊಳ್ಳಬೇಕು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ, ಒಂದು ಗುಂಪಿಗೆ ಕೆಲವೇ ಜನ. ನಾವು ಹೋದರೆ ಅರ್ಧ ಗುಂಪು ನಾವೇ! ಹೊರಗೆ ಬೆವರು ಸುರಿಯುತ್ತಿದ್ದರೂ ಒಳಗೆ 7 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಜುಲೈಯಲ್ಲಿ ಸ್ವೆಟರ್ ತಗೊಳ್ಳಿ ಅಂದರೆ ಮಕ್ಕಳು ನಂಬಲ್ಲ, ಅದಕ್ಕೆ ಜೋಡಿಯ ಚೆಕ್‌ನಲ್ಲಿ ಆ ದಿನ ಸ್ವೆಟರನ್ನೂ ಸೇರಿಸುತ್ತೇನೆ.

ದೊಡ್ಡ ಕುಟುಂಬದವರಿಗೆ ಒಂದು ಉಪಯೋಗದ ಸಂಗತಿ. ಅಮೆರಿಕದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನಗಳ ಪಾಸ್ ಉಚಿತ. ಪ್ರವೇಶಕ್ಕೆ ಗಾಡಿ ಲೆಕ್ಕ ಇರುವ ಕಡೆ ಆ ಮಗುವಿನ ಜೊತೆ ಇಡೀ ವ್ಯಾನ್ ಒಳಗೆ ಹೋಗುತ್ತದೆ. ಅವಧಿ ಸೆಪ್ಟೆಂಬರ್‌ನಿಂದ ಆಗಸ್ಟ್, ಅಂದರೆ ನಾಲ್ಕನೆಯದು ಮುಗಿದ ಬೇಸಿಗೆಯೂ ಸೇರಿತು. ಎರಡು ಮೂರು ವರ್ಷದ ಅಂತರದಲ್ಲಿ ಮಕ್ಕಳಿದ್ದರೆ ಈ ಪಾಸ್ ಮನೆಗೆ ಬರುತ್ತಲೇ ಇರುತ್ತದೆ. ಈ ಸಲ ಹತ್ತರ ಹುಡುಗನ ಪಾಸ್‌ನಲ್ಲಿ ಯೂಟಾದ ಝಯಾನ್, ಬ್ರೈಸ್ ಉದ್ಯಾನಗಳು ಎರಡೂ ಆಯಿತು. ಅವನು ದಾರಿಯುದ್ದಕ್ಕೂ ಮೆರೆದಿದ್ದು ನೋಡಬೇಕಿತ್ತು.

ಜುಲೈ 24 ಯೂಟಾದಲ್ಲಿ ಸರ್ಕಾರಿ ರಜೆ. 1847ರಲ್ಲಿ ಮಾರ್ಮನ್ನರ ಮುಖಂಡ ಬ್ರಿಗಂ ಯಂಗ್ ಸಾಲ್ಟ್ ಲೇಕ್ ಕಣಿವೆಗೆ ಬಂದು ಸೇರಿದ ದಿನ. ಸಾಲ್ಟ್ ಲೇಕ್ ಸಿಟಿಯ ಮೆರವಣಿಗೆಗೆ ಜಾಗ ಹಿಡಿಯೋಕೆ ಜನ ಹಿಂದಿನ ರಾತ್ರಿಯೇ ಫುಟ್‌ಪಾತ್‌ನಲ್ಲಿ ಮಲಗುತ್ತಾರೆ. ನಾವು ಮೆರವಣಿಗೆ ಬಿಟ್ಟು ಗಂಡನ ಮನೆಯವರ ಕೂಟಕ್ಕೆ ಬೇರ್ ಲೇಕ್‌ಗೆ ಹೋಗುತ್ತೇವೆ. ಯೂಟಾ-ಐಡಹೋ ಗಡಿಯಲ್ಲಿರೋ ಕೆರೆ. ನೀರಲ್ಲಿ ತೇಲುವ ಸುಣ್ಣದ ಕಣಗಳಿಂದ ಬಣ್ಣ ವೈಡೂರ್ಯದ ಹಾಗೆ ಹಸಿರುನೀಲಿ. ಅಲ್ಲಿ ರಾಸ್ಪ್‌ಬೆರಿ ಶೇಕ್ ಕುಡಿಯದೆ ಬಂದರೆ ಮಕ್ಕಳು ಕ್ಷಮಿಸಲ್ಲ.

ಕೂಟದಲ್ಲಿ ಅಡಿಗೆ ಡಚ್ ಅವನ್‌ನಲ್ಲಿ, ಅಂದರೆ ಮೂರು ಕಾಲಿನ ಬೀಡಿನ ಪಾತ್ರೆ. ಇದರ ಮುಚ್ಚಳಕ್ಕೆ ಅಂಚು ಇರುತ್ತದೆ, ಮೇಲೂ ಕೆಂಡ ಹಾಕೋಕೆ. ಹನ್ನೆರಡು ಇಂಚಿನ ಪಾತ್ರೆಗೆ ಇದ್ದಿಲು ಬಿಲ್ಲೆ ಸುಮಾರು ಇಪ್ಪತ್ನಾಲ್ಕು. ಬೇಕ್ ಮಾಡುವಾಗ ಅದರಲ್ಲಿ ಮೂರನೇ ಎರಡು ಪಾಲು ಮುಚ್ಚಳದ ಮೇಲೆ, ಒಂದು ಪಾಲು ಕೆಳಗೆ. ಕೆಳಗೆ ಜಾಸ್ತಿ ಆದರೆ ತಳ ಹಿಡಿಯುತ್ತದೆ. ಮಾವ ಇದನ್ನ ಯಾರಿಗೂ ಬಿಟ್ಟುಕೊಡಲ್ಲ, ಆದರೆ ಹನ್ನೆರಡರ ಮಗಳಿಗೆ ಈ ಸಲ ಇಕ್ಕಳ ಕೊಟ್ಟರು. ಊಟ ಆದ ಮೇಲೆ ಮಾವ ವಂಶಾವಳಿ ಹರಡಿ ಕೂರುತ್ತಾರೆ. ಡೆನ್ಮಾರ್ಕ್‌ನಿಂದ ಯಾರು ಬಂದರು, ಯಾರ ಮಗು ದಾರಿಯಲ್ಲಿ ಹುಟ್ಟಿತು, ಎಲ್ಲ. ಅವ್ವ ಎಲ್ಲ ಕೇಳಿಸಿಕೊಂಡು, "ನಮ್ಮ ಕಡೆ ಹೆಳವರು ಎತ್ತಿನ ಮ್ಯಾಲ ಕುಂತು ಬಂದು ಹಿಂಗ ಹೇಳ್ತಿದ್ದರಲ್ಲ" ಅಂದಳು. ನಾನು ಇಂಗ್ಲಿಷ್‌ನಲ್ಲಿ ಹೇಳಿದ್ದೇ ತಡ, ಮಾವ ಪೆನ್ನು ತೆಗೆದು ಅವ್ವನ ಅಜ್ಜ-ಮುತ್ತಜ್ಜನ ಹೆಸರು ಬರೆಯೋಕೆ ಶುರು ಮಾಡಿದರು. ಆಮೇಲೆ ಇಬ್ಬರನ್ನೂ ಎಬ್ಬಿಸೋದೇ ಕಷ್ಟ ಆಯಿತು.

ಅವ್ವನ ಕಾಫಿ ವಿಷಯ ಎಲ್ಲರೂ ಕೇಳುತ್ತಾರೆ. ನಾವು ಕಾಫಿ, ಚಹಾ ಕುಡಿಯಲ್ಲ, ಅದು 1833ರ ಒಂದು ಬೋಧನೆಯಿಂದ ಬಂದ ನಿಯಮ. ಅವ್ವ ಕುಡಿಯುತ್ತಾಳೆ. ನಮ್ಮ ಅಡಿಗೆಮನೆಯಲ್ಲೇ ಡಿಕಾಕ್ಷನ್ ಇಳಿಸುತ್ತಾಳೆ. ನಿಯಮ ನನ್ನದು, ಅವ್ವನದಲ್ಲ. ಮಕ್ಕಳಿಗೆ ಅದೇ ಹೊತ್ತಿಗೆ ರಾಗಿ ಮಾಲ್ಟ್.

ಪೀಚ್ ಹಣ್ಣು ಬರೋದು ಆಗಸ್ಟ್ ಕೊನೆಗೆ, ಅಷ್ಟೊತ್ತಿಗೆ ಶಾಲೆ ಶುರುವಾಗಿರುತ್ತದೆ. ಆದರೂ ನಮ್ಮ ಬೇಸಿಗೆ ಮುಗಿಯೋದು ಅದರಿಂದಲೇ. ಮನೆಯಲ್ಲಿ ಕೆಲವು ತಿಂಗಳಿಗೆ ಆಗುವಷ್ಟು ಆಹಾರ ಕೂಡಿಡಿ ಅಂತ ಚರ್ಚು ಹೇಳುತ್ತದೆ, ಗೋಧಿ, ಬೀನ್ಸ್ ಡಬ್ಬಿಗಳ ಪಕ್ಕ ನಮ್ಮ ಪೀಚ್ ಬಾಟಲಿಗಳು. ಶನಿವಾರ ಎಲ್ಲ ಕೈಗಳೂ ಬೇಕು. ಒಂದೊಂದು ಕ್ವಾರ್ಟ್‌ನ, ಅಂದರೆ ಸುಮಾರು ಒಂದು ಲೀಟರ್‌ನ, ಏಳು ಬಾಟಲಿಗೆ ಸುಮಾರು ಎಂಟು ಕೆಜಿ ಹಣ್ಣು. ಒಬ್ಬರು ಕುದಿಯುವ ನೀರಲ್ಲಿ ಅರ್ಧದಿಂದ ಒಂದು ನಿಮಿಷ ಅದ್ದಿ ತಣ್ಣೀರಿಗೆ ಹಾಕಿದರೆ ಇನ್ನೊಬ್ಬರು ಸಿಪ್ಪೆ ಜಾರಿಸುತ್ತಾರೆ, ಮೂರನೆಯವರು ಹೋಳು ಮಾಡಿ ಬೀಜ ತೆಗೆಯುತ್ತಾರೆ. ಹೋಳುಗಳನ್ನ ಸಕ್ಕರೆ ಪಾಕದಲ್ಲಿ ಒಂದು ಕುದಿ ಬರಿಸಿ, ಬಾಟಲಿಗೆ ತುಂಬಿ, ಮೇಲೆ ಅರ್ಧ ಇಂಚು ಖಾಲಿ ಬಿಟ್ಟು, ಬಾಯಿ ಒರೆಸಿ ಮುಚ್ಚಳ ಹಾಕಬೇಕು. ಓರೆಮ್ ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಅಡಿಗಿಂತ ಮೇಲಿದೆ, ಇಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಅದಕ್ಕೆ ತುಂಬಿದ ಬಾಟಲಿಗಳನ್ನ ನೀರಲ್ಲಿ ಮುಳುಗಿಸಿ ಕೆಳಗಿನ ಊರುಗಳಲ್ಲಿ 25 ನಿಮಿಷ ಕುದಿಸಿದರೆ ನಾವು 35 ನಿಮಿಷ ಕುದಿಸುತ್ತೇವೆ. ಹೊರಗೆ ತೆಗೆದಿಟ್ಟ ಮೇಲೆ ಮುಚ್ಚಳಗಳು ಒಂದೊಂದೇ ಟಿಂಗ್ ಅನ್ನುತ್ತವೆ, ಪುಟ್ಟ ಬೆರಳು ಮಡಿಚಿ ಎಣಿಸುತ್ತಾನೆ. ಟಿಂಗ್ ಅನ್ನದ ಬಾಟಲಿ ಅವತ್ತೇ ಫ್ರಿಜ್‌ಗೆ.

ಮಿಕ್ಕ ಗಟ್ಟಿ ಹಣ್ಣಿಗೆ ಅವ್ವ ಖಾರ, ಸಾಸಿವೆ, ಮೆಂತ್ಯ ಹಾಕಿ ಉಪ್ಪಿನಕಾಯಿ ಮಾಡಿದ್ದಾಳೆ. ನಮ್ಮ ವಾರ್ಡಿನ (ಚರ್ಚಿನ ಸ್ಥಳೀಯ ಸಭೆಯ) ಇಬ್ಬರು ಹೆಂಗಸರು ಆಗಲೇ ರೆಸಿಪಿ ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಮಾಡಿ, ತಿನ್ನಿ, ಆದರೆ ಇದನ್ನ ಪೀಚ್ ಹೋಳಿನ ಹಾಗೆ ಬಾಟಲಿಯಲ್ಲಿ ಕುದಿಸಿ ಕಪಾಟಿನಲ್ಲಿ ವರ್ಷಗಟ್ಟಲೆ ಇಡೋಕೆ ಹೋಗಬೇಡಿ. ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ.