ಮಗುವಿನ ಮಾತು ತಡವಾದರೆ ವಾಕ್ ಚಿಕಿತ್ಸೆ ಆರಂಭಿಸುವುದು ಹೇಗೆ?

‘ಅವರಪ್ಪನೂ ತಡವಾಗಿಯೇ ಮಾತನಾಡಿದ್ದು, ತಾನಾಗಿಯೇ ಬರುತ್ತದೆ ಬಿಡಿ’ ಎಂದು ಮನೆಯ ಹಿರಿಯರು ಧೈರ್ಯ ಹೇಳುವುದುಂಟು. ಕೆಲವು ಮಕ್ಕಳ ವಿಷಯದಲ್ಲಿ ಅದು ನಿಜವೂ ಆಗುತ್ತದೆ. ಆದರೆ ಯಾವ ಮಗುವಿಗೆ ನೆರವು ಬೇಕೆಂಬುದನ್ನು ಮನೆಯಲ್ಲೇ ಕುಳಿತು ತೀರ್ಮಾನಿಸಲಾಗದು. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗಿ ನೋಡದಿದ್ದರೆ, ಎರಡು ವರ್ಷಕ್ಕೆ ‘ಹಾಲು ಬೇಕು’ ಎಂಬಂತೆ ಎರಡು ಪದ ಜೋಡಿಸದಿದ್ದರೆ, ಅಥವಾ ಯಾವುದೇ ವಯಸ್ಸಿನಲ್ಲಿ ಆಡುತ್ತಿದ್ದ ಮಾತು ನಿಂತುಹೋದರೆ ಕಾಯಬಾರದು.

ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಬಾಗಿಲು ಬಡಿದ ಸದ್ದಿಗೆ ಬೆಚ್ಚುವ ಮಗುವಿಗೂ ‘ಸ’, ‘ಶ’ದಂತಹ ಮೆಲುದನಿಗಳು ಕೇಳಿಸದಿರಬಹುದು. ಸದ್ದಿಗೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಬೆರಾ (BERA) ಪರೀಕ್ಷೆಯನ್ನು ಮಗು ನಿದ್ರಿಸುತ್ತಿರುವಾಗಲೇ ಮಾಡುತ್ತಾರೆ, ನೋವಿರುವುದಿಲ್ಲ.

ಅನಂತರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಿರುವ ವಾಕ್ ತಜ್ಞರನ್ನು ಕಾಣಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಉಚಿತ ತಪಾಸಣೆಯಿದೆ. ತಜ್ಞರು ಮಗು ಆಡುವ ಪದಗಳನ್ನಷ್ಟೇ ಎಣಿಸುವುದಿಲ್ಲ. ಹೇಳಿದ್ದು ಎಷ್ಟು ಅರ್ಥವಾಗುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ಆಡುತ್ತದೆಯೇ, ನಾಲಿಗೆ ಮತ್ತು ತುಟಿಯ ಚಲನೆ ಹೇಗಿದೆ ಎಂಬುದನ್ನೆಲ್ಲ ಗಮನಿಸಿ ಗುರಿ ನಿಗದಿಪಡಿಸುತ್ತಾರೆ.

ಮನೆಯಲ್ಲಿ ಕನ್ನಡ, ಪ್ಲೇಹೋಮ್‌ನಲ್ಲಿ ಇಂಗ್ಲಿಷ್, ಪಕ್ಕದ ಮನೆಯಲ್ಲಿ ತಮಿಳು ಕೇಳುವುದರಿಂದಲೇ ಮಾತು ತಡವಾಯಿತೆಂಬ ನಂಬಿಕೆ ನಮ್ಮ ನಗರದಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಸರಿಯಲ್ಲ. ಹಲವು ಭಾಷೆಗಳು ಮಾತಿನ ತೊಂದರೆಗೆ ಕಾರಣವಾಗುವುದಿಲ್ಲ. ಚಿಕಿತ್ಸೆಗಾಗಿ ಮನೆಮಾತನ್ನು ಬಿಡಬೇಕಾಗಿಯೂ ಇಲ್ಲ. ತಾಯ್ತಂದೆಯರು ತಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿನೊಂದಿಗೆ ಮಾತನಾಡಬೇಕು.

ವಾರಕ್ಕೆ ಒಂದೆರಡು ಬಾರಿ ನಡೆಯುವ ಥೆರಪಿಗಿಂತ ಮನೆಯಲ್ಲಿ ಕಳೆಯುವ ಗಂಟೆಗಳೇ ಹೆಚ್ಚು. ಆದ್ದರಿಂದ ತಜ್ಞರು ಕಲಿಸಿದ್ದನ್ನು ಊಟ, ಸ್ನಾನ, ಆಟದೊಳಗೆ ತನ್ನಿ. ಬಾಳೆಹಣ್ಣನ್ನೂ ಬಿಸ್ಕತ್ತನ್ನೂ ಮಗುವಿನ ಕಣ್ಣೆದುರು ಹಿಡಿದು ‘ಯಾವುದು ಬೇಕು?’ ಎಂದು ಕೇಳಿ, ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ಮಗು ‘ಬಾ’ ಎಂದರೂ ಸಾಕು, ‘ಬಾಳೆಹಣ್ಣು ಬೇಕಾ? ತಗೋ, ಬಾಳೆಹಣ್ಣು’ ಎಂದು ಕೂಡಲೇ ಕೊಡಿ. ‘ಸರಿಯಾಗಿ ಹೇಳು’ ಎಂದು ಒತ್ತಾಯಿಸಿದರೆ ಮಗು ಬಾಯಿ ಬಿಡಲೇ ಹಿಂಜರಿಯುತ್ತದೆ. ಊಟದ ಹೊತ್ತಿನ ಮೊಬೈಲ್ ಈ ಇಡೀ ಅವಕಾಶವನ್ನೇ ಕಸಿದುಕೊಳ್ಳುತ್ತದೆ. ಅದನ್ನು ಇನ್ನೊಂದು ಕೋಣೆಯಲ್ಲಿಡಿ.

ಹೊಸದಾಗಿ ಬಂದ ಪದಗಳನ್ನೂ ಸನ್ನೆಗಳನ್ನೂ ಪುಸ್ತಕವೊಂದರಲ್ಲಿ ದಿನಾಂಕದೊಂದಿಗೆ ಬರೆದಿಟ್ಟು, ಮುಂದಿನ ಭೇಟಿಯಲ್ಲಿ ತಜ್ಞರಿಗೆ ತೋರಿಸಿ. ಗುರಿಗಳನ್ನು ಅವರು ಬದಲಿಸುವುದು ಅದನ್ನು ನೋಡಿಯೇ.