ಮೊದಲು ಉತ್ತರ, ಆಮೇಲೆ ರೀಲ್ಸ್

ಮುಂಬಯಿಯ ಮಾಟುಂಗದಿಂದ ಡೊಂಬಿವಲಿವರೆಗೆ ಉಪ್ಪಿನಕಾಯಿ, ಹಪ್ಪಳ, ಕೋರಿ ರೊಟ್ಟಿ ಮಾರುವ ನಮ್ಮವರು ಇನ್‌ಸ್ಟಾಗ್ರಾಂನಲ್ಲಿ ಚೆಂದದ ವಿಡಿಯೊ ಹಾಕುತ್ತಾರೆ. ಅದರ ಕೆಳಗೆ ‘ರೇಟ್ ಎಷ್ಟು?’ ಎಂದವರಿಗೆ ಎರಡು ದಿನವಾದರೂ ಉತ್ತರವಿರುವುದಿಲ್ಲ. ಅಷ್ಟರಲ್ಲಿ ಗಿರಾಕಿ ಬೇರೆ ಅಂಗಡಿ ಹಿಡಿದಿರುತ್ತಾರೆ.

ಮೊದಲು ಬೇರೆ ಸಿಮ್ ತೆಗೆದುಕೊಂಡು ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಕ್ಯಾಟಲಾಗ್‌ನಲ್ಲಿ ಪ್ರತಿ ಪದಾರ್ಥದ ತೂಕ, ಬೆಲೆ, ಎಷ್ಟು ದಿನ ಕೆಡುವುದಿಲ್ಲ, ಯಾವ ಸ್ಟೇಷನ್‌ವರೆಗೆ ತಲುಪಿಸುತ್ತೀರಿ ಎಂಬುದನ್ನು ಬರೆಯಿರಿ. ‘ಬೆಲೆಗೆ ಮೆಸೇಜ್ ಮಾಡಿ’ ಎಂದರೆ ಅರ್ಧ ಜನ ಅಲ್ಲಿಗೇ ಬಿಡುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳ ಉತ್ತರವನ್ನು ‘ಕ್ವಿಕ್ ರಿಪ್ಲೈ’ಯಲ್ಲಿ ಉಳಿಸಿಟ್ಟರೆ ಅಡುಗೆಯ ಗಡಿಬಿಡಿಯಲ್ಲೂ ಕಳಿಸಬಹುದು.

ಗಿರಾಕಿಗಳನ್ನು ಗ್ರೂಪಿಗೆ ಸೇರಿಸಬೇಡಿ. ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಂದೇ ಸಂದೇಶ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಂದು ಪಟ್ಟಿಗೆ 256 ಜನ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಹೋಗುತ್ತದೆ. ಇದು ಗೊತ್ತಿಲ್ಲದೆ ‘ಕಳಿಸಿದರೂ ಯಾರೂ ನೋಡುವುದಿಲ್ಲ’ ಎಂದು ಕೊರಗುವವರೇ ಹೆಚ್ಚು. ಮೊದಲ ಪಾರ್ಸೆಲ್‌ನಲ್ಲೇ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡಿ. ದಿನಾ ‘ಶುಭೋದಯ’ ಕಳಿಸಿದರೆ ಬ್ಲಾಕ್ ಆಗುತ್ತೀರಿ. ಚೌತಿಗೆ ಹತ್ತು ದಿನ ಮುಂಚೆ ಚಕ್ಕುಲಿ, ಉಂಡೆಯ ಪಟ್ಟಿ ಕಳಿಸಿ. ಅದನ್ನು ಜನ ಕಾಯುತ್ತಿರುತ್ತಾರೆ.

ಕೇಳಿದ ಭಾಷೆಯಲ್ಲೇ ಉತ್ತರಿಸಿ: ಮರಾಠಿಗೆ ಮರಾಠಿ, ತುಳುವಿಗೆ ತುಳು.

ನಿಜವಾದ ಪರೀಕ್ಷೆ ದೂರು ಬಂದಾಗ. ‘ರೊಟ್ಟಿಯೆಲ್ಲ ಪುಡಿಪುಡಿ’ ಎಂದು ಫೋಟೊ ಸಮೇತ ಯಾರೋ ಬರೆದಿದ್ದಾರೆ ಅನ್ನಿ. ಅಳಿಸಿದರೆ ಅವರು ಸ್ಕ್ರೀನ್‌ಶಾಟ್ ತೆಗೆದು ಇನ್ನೂ ನಾಲ್ಕು ಕಡೆ ಹಾಕುತ್ತಾರೆ. ಅಲ್ಲೇ, ಎಲ್ಲರ ಎದುರೇ ಬರೆಯಿರಿ: ‘ಅಕ್ಕ, ತಪ್ಪು ನಮ್ಮದೇ. ಡಬ್ಬಿಯಲ್ಲಿ ಜಾಗ ಉಳಿದು ರೊಟ್ಟಿ ಅಲುಗಾಡಿದೆ. ನಾಳೆ ಬೇರೆ ಪ್ಯಾಕೆಟ್ ಕಳಿಸುತ್ತೇವೆ. ವಿಳಾಸವನ್ನು ನಮ್ಮ ಇನ್‌ಬಾಕ್ಸ್‌ಗೆ ಹಾಕಿ.’ ತಪ್ಪು, ಕಾರಣ, ಪರಿಹಾರ, ದಿನ – ನಾಲ್ಕೂ ಇರಲಿ. ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಸಿದ್ಧ ವಾಕ್ಯ ಸಿಟ್ಟನ್ನು ಹೆಚ್ಚಿಸುತ್ತದೆ. ಉತ್ತರ ಕೊಟ್ಟ ಮೇಲೆ ಡಬ್ಬಿಯ ಅಳತೆಯನ್ನೂ ಬದಲಿಸಿ, ಖಾಲಿ ಜಾಗಕ್ಕೆ ಕಾಗದ ತುಂಬಿ. ಇಲ್ಲವಾದರೆ ಮುಂದಿನ ವಾರ ಅದೇ ಫೋಟೊ ಇನ್ನೊಬ್ಬರಿಂದ ಬರುತ್ತದೆ.

ಫೋನ್ ನಂಬರನ್ನು ಕಾಮೆಂಟಿನಲ್ಲಿ ಕೇಳಲೇಬೇಡಿ. ನಿಮ್ಮದೇ ಲೋಗೊ ಹಾಕಿಕೊಂಡ ನಕಲಿ ಖಾತೆಯವರು ‘ರಿಫಂಡ್ ಕೊಡುತ್ತೇವೆ’ ಎಂದು ಆ ನಂಬರ್‌ಗೆ ಕ್ಯುಆರ್ ಕೋಡ್ ಕಳಿಸುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುವ ಬದಲು ಹೋಗುತ್ತದೆ. ‘ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ’ ಎಂಬ ಪೋಸ್ಟನ್ನು ಪ್ರೊಫೈಲ್‌ನ ಮೇಲ್ಭಾಗದಲ್ಲಿ ಪಿನ್ ಮಾಡಿಡಿ. ಮೋಸ ಹೋದವರಿಗೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.

ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆ ಇರುತ್ತದೆ. ಅದರಲ್ಲಿ ಪೋಲ್ ಹಾಕುವುದಾದರೆ ನೀವು ಪಾಲಿಸಲು ಸಿದ್ಧವಿರುವುದನ್ನೇ ಕೇಳಿ: ಮಿಡಿ ಉಪ್ಪಿನಕಾಯಿ 250 ಗ್ರಾಂ ಬೇಕೋ, 500 ಗ್ರಾಂ ಬೇಕೋ? ಹೆಚ್ಚು ಮತ ಬಿದ್ದ ಬಾಟಲಿ ತಯಾರಾದ ದಿನ, ಮತ ಹಾಕಿದವರಿಗೇ ಮೊದಲು ಅದರ ಫೋಟೊ ಕಳಿಸಿ.