ತಾಳಮದ್ದಲೆ ಕ್ಯಾಸೆಟ್ಟು ಮೊಬೈಲಿಗೆ ಬಂದ ಮೇಲೆ

ಶಿರಸಿ ಸುತ್ತಿನ ಮನೆಗಳ ನಾಗಂದಿಗೆಯಲ್ಲಿ ತಾಳಮದ್ದಲೆಯ ಕ್ಯಾಸೆಟ್ಟುಗಳು ಇನ್ನೂ ಇವೆ. ತಾಳಮದ್ದಲೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ: ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ, ಆ ಮಾತಿಗೇ ‘ಅರ್ಥ’ ಎನ್ನುವುದು. ಊರ ದೇವಸ್ಥಾನದಲ್ಲಿ ಭಾಗವತರ ಎದುರು ಟೇಪ್‌ರೆಕಾರ್ಡರ್ ಇಟ್ಟು ಹಿಡಿದವು ಕೆಲವು, ಧಾರವಾಡ ಆಕಾಶವಾಣಿಯಿಂದ ತುಂಬಿಕೊಂಡವು ಕೆಲವು. ಅವನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಬಿಡುವಿನ ಕೆಲಸ.

ನಮ್ಮ ಮಳೆಗಾಲ ಟೇಪಿಗೆ ಆಗಿಬರುವುದಿಲ್ಲ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕುವುದೇ ಇಲ್ಲ. ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೊದಲು ಬಿಚ್ಚಿ ಒರೆಸಿ, ಬೇರೆ ಕ್ಯಾಸೆಟ್ಟಿನ ಖಾಲಿ ಚಿಪ್ಪಿಗೆ ಕೂರಿಸಬೇಕು.

ಅರ್ಧ ಕೆಲಸ ಇರುವುದು ಒಂದು ಸ್ಕ್ರೂವಿನಲ್ಲಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ ನನ್ನ ಯಂತ್ರದಲ್ಲಿ ದನಿ ಮಂಕು. ಹೆಡ್ಡಿನ ಪಕ್ಕದ ಸ್ಕ್ರೂ ಮೆಲ್ಲಗೆ ತಿರುಗಿಸುತ್ತ ಭಾಗವತರ ಕೈತಾಳಕ್ಕೇ ಕಿವಿ ಕೊಡುತ್ತೇನೆ. ಮದ್ದಲೆ ನಂಬಿದರೆ ಮೋಸ, ಅದು ವಾಲಿದ ಹೆಡ್ಡಿನಲ್ಲೂ ಗುಂಯ್ ಎನ್ನುತ್ತದೆ. ತಾಳ ‘ಟಿಣ್’ ಎಂದು ಬಿಡಿಸಿ ಕೇಳಿತೋ, ಅಲ್ಲಿಗೆ ನಿಲ್ಲಿಸಬೇಕು. ಇದನ್ನು ಬಿಟ್ಟು ಆಮೇಲೆ ಸಾಫ್ಟ್‌ವೇರಿನಲ್ಲಿ ಟ್ರೆಬಲ್ ಏರಿಸಿದರೆ ಟೇಪಿನ ಸುಯ್‌ಗುಟ್ಟುವ ಸದ್ದು ಹೆಚ್ಚುತ್ತದೆ, ಅಷ್ಟೆ.

90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೂ ಕೂರಬೇಕು. ಮೊನೊ ವೇವ್ ಫೈಲು ಸುಮಾರು 475 ಎಂಬಿ, ಅದು ಹಾರ್ಡ್‌ಡಿಸ್ಕಿಗೆ. 64 ಕೆಬಿಪಿಎಸ್‌ನ ಎಂಪಿ3 ಮಾಡಿದರೆ 43 ಎಂಬಿ, ಅದು ವಾಟ್ಸಾಪಿಗೆ.

ಫೈಲು ಹಂಚತೊಡಗಿದ ಮೇಲೆ ಕೇಳುವ ಬಗೆಯೇ ಬೇರೆಯಾಯಿತು. ಅಡಿಕೆ ಸುಲಿಯುವ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತವರೆಲ್ಲ ಒಂದೇ ಕ್ಯಾಸೆಟ್ಟು ಕೇಳುತ್ತಿದ್ದರು. ಚೊಗರು ಹತ್ತಿದ ಕೈಯಲ್ಲಿ ಎದ್ದು ಹೋಗಿ ಗುಂಡಿ ಒತ್ತುವವರು ಯಾರು? ಎಳೆದಾಡಿದ ಅರ್ಥವನ್ನೂ ಕೇಳಿಯೇ ಮುಗಿಸುತ್ತಿದ್ದರು. ಮೊಬೈಲಿನಲ್ಲಿ ಹೆಬ್ಬೆರಳು ಸರಿಸಿದರೆ ಆಯಿತು. ‘ಕೃಷ್ಣಸಂಧಾನ’ದಲ್ಲಿ ಕೌರವ ಹೇಳುವಷ್ಟು ಮಾತ್ರ ಕತ್ತರಿಸಿ ಕೊಡಿ ಎಂದು ಕೇಳುವವರು ಬಂದರು. ಕೊಟ್ಟೆ. ಪಕ್ಕದ ಮನೆಯ ಅಜ್ಜ ಬಿಡಲಿಲ್ಲ: “ಕೃಷ್ಣ ಎಂತ ಹೇಳಿದ್ದಕ್ಕೆ ಅವ ಹಾಂಗೆ ಹೇಳಿದ ಅಂತ ಬೇಡವಾ ತಮಾ?” ಸರಿಯಾದ ಮಾತು. ತಾಳಮದ್ದಲೆಯಲ್ಲಿ ಒಬ್ಬನ ಅರ್ಥಕ್ಕೆ ಇನ್ನೊಬ್ಬನ ಅರ್ಥವೇ ಉತ್ತರ. ಈಗ ಕತ್ತರಿಸಿದರೂ ಪದ್ಯದಿಂದ ಹಿಡಿದು ಇಬ್ಬರ ಮಾತನ್ನೂ ಸೇರಿಸಿಯೇ ಕತ್ತರಿಸುತ್ತೇನೆ. ತುಣುಕು ಕೇಳಿ ಪೂರ್ತಿ ಬೇಕೆಂದು ಬಂದವರೂ ಇದ್ದಾರೆ, ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು.

ಕ್ಯಾಸೆಟ್ಟಿಗೆ ಮಾತ್ರ ಹೊಸ ಕೆಲಸ ಸಿಕ್ಕಿದೆ. ಫಾರ್ವರ್ಡ್ ಆಗುತ್ತ ಆಗುತ್ತ ಫೈಲು ಹೆಸರು ಕಳೆದುಕೊಳ್ಳುತ್ತದೆ. ಭಾಗವತರು ಯಾರು, ಇದು ಕಡತೋಕಾ ಮಂಜುನಾಥ ಭಾಗವತರದ್ದೇ ಹೌದಾ ಎಂದು ಗುಂಪಿನಲ್ಲಿ ಜಗಳ ಹತ್ತುತ್ತದೆ. ಆಗ ಡಬ್ಬಿಯೊಳಗಿನ ಕಾಗದ ತೆಗೆಯಬೇಕು. ಪ್ರಸಂಗ, ಊರು, ತಾರೀಕು, ಅರ್ಥಧಾರಿಗಳ ಹೆಸರು ಅಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಅದರ ಫೋಟೊ ತೆಗೆದಿಡುತ್ತೇನೆ, ಫೈಲಿನ ಶುರುವಿಗೆ ಆ ವಿವರವನ್ನು ನನ್ನ ದನಿಯಲ್ಲೇ ಹೇಳಿ ಸೇರಿಸುತ್ತೇನೆ. ಈಚೆಗೆ ಅದನ್ನೂ ಕತ್ತರಿಸಿ ಕಳಿಸುವ ಪುಣ್ಯಾತ್ಮರು ಹುಟ್ಟಿಕೊಂಡಿದ್ದಾರೆ. ಅದಕ್ಕೇ ಕ್ಯಾಸೆಟ್ಟು ವಾಪಸು ಕೊಡುವಾಗ ಎಸೆಯಬೇಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿಡಿ ಅನ್ನುತ್ತೇನೆ.